ತಕ್ಕಡಿಗೆ ಸಿಕ್ಕದ ತೂಕ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಹಾಸನಕ್ಕೆ ಓದಲು ಬರುವ ವಿದ್ಯಾರ್ಥಿಗಳಿಗೆ ಹೊಲದ ಕೂಲಿಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಯಾವ ಬೆಳೆಯಿಡಬೇಕೆಂಬುದನ್ನು ಗೊತ್ತುಮಾಡುವವನು ಒಡೆಯ, ನೀರು ಹಾಯಿಸುವ ಆಳಲ್ಲ. ಒಂದು ಪಕ್ಷ ಮುಸುಕಿನ ಜೋಳದ ಸಾಲುಗಳ ನಡುವೆ ಗಾಂಜಾ ಬೆಳೆದಿದೆಯೆನ್ನೋಣ. ಹಣ ಹೂಡಿದವನೊಬ್ಬ, ಬೀಜ ತಂದವನೊಬ್ಬ. ತಿಳಿದೂ ದಿನಗೂಲಿಯ ಆಸೆಗೆ ನೀರು ಹಾಯಿಸಿದವನು, ನಿಮಗಿಂತ ಒಂದೆರಡು ವರ್ಷ ಹಿರಿಯ, ಮತ್ತೊಬ್ಬ. ಅಪರಾಧ ರುಜುವಾತಾದ ಮೇಲೆ ಮೂವರಿಗೂ ಒಂದೇ ಶಿಕ್ಷೆಯಾಗಬೇಕೆ?

ಮಾದಕ ವಸ್ತುಗಳನ್ನು ಕುರಿತ 1985ರ ಕೇಂದ್ರ ಅಧಿನಿಯಮವು, 2001ರ ತಿದ್ದುಪಡಿಯ ಅನಂತರ, ತೂಕಕ್ಕೆ ಹೆಚ್ಚಿನ ಬೆಲೆ ಕೊಡುತ್ತದೆ. ಗಾಂಜಾ ಇಟ್ಟುಕೊಂಡವನ ಶಿಕ್ಷೆಗೆ 1 ಕಿಲೋಗ್ರಾಂ ಒಂದು ಮೆಟ್ಟಿಲು, 20 ಕಿಲೋಗ್ರಾಂ ಇನ್ನೊಂದು. ಅಧಿನಿಯಮದ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯೊಡನೆ ಇಲ್ಲದ ಎಲೆ, ಬೀಜಗಳು ಲೆಕ್ಕಕ್ಕೆ ಬಾರವು. ಬೇರುಸಹಿತ ಕಿತ್ತ ಹಸಿ ಗಿಡವನ್ನು ತೂಗಿದರೆ ತಕ್ಕಡಿ ತೋರುವುದು ಬಹುಮಟ್ಟಿಗೆ ನೀರಿನ ಮತ್ತು ಕಾಂಡದ ಭಾರವನ್ನು. ಏನನ್ನು ಅಳೆಯುತ್ತಿದ್ದೇವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠವಲ್ಲವೆ?

ಬೆಳೆದ ಅಪರಾಧಕ್ಕಾದರೋ ತೂಕದ ಮೆಟ್ಟಿಲುಗಳೇ ಇಲ್ಲ: 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಗಳವರೆಗೆ ದಂಡ. ಕುಮ್ಮಕ್ಕು ಕೊಟ್ಟವನಿಗೂ ಇದೇ ಮಿತಿ. ಆದರೆ ಕನಿಷ್ಠ ಸಜೆಯನ್ನು ಇಲ್ಲಿ ಗೊತ್ತುಮಾಡಿಲ್ಲ. ಆದುದರಿಂದ ಒಬ್ಬೊಬ್ಬನ ಪಾಲನ್ನು ಅಳೆಯುವ ಹೊಣೆ ಪೂರ್ಣವಾಗಿ ನ್ಯಾಯಾಧೀಶರದು.

ಸನ್ನೆಗೋಲನ್ನು ನೆನೆಯಿರಿ. ಒಂದೇ ಭಾರವನ್ನು ಆಧಾರಬಿಂದುವಿನಿಂದ ದೂರವಿಟ್ಟಾಗ ಅದರ ತಿರುಗಿಸುವ ಪರಿಣಾಮ ಹೆಚ್ಚು, ಹತ್ತಿರವಿಟ್ಟಾಗ ಕಡಮೆ. ಭಾರದ ಜೊತೆಗೆ ಸ್ಥಾನವನ್ನೂ ತಿಳಿಯದೆ ಲೆಕ್ಕ ಮುಗಿಯದು. ಅಪರಾಧದಲ್ಲಿಯೂ ಹಾಗೆಯೇ. ಯೋಜನೆ ಯಾರದು, ಲಾಭ ಯಾರಿಗೆ, ಬೇಡವೆನ್ನುವ ಸ್ವಾತಂತ್ರ್ಯ ಯಾರಿಗೆ ಎಷ್ಟಿತ್ತು—ಇವೇ ಸ್ಥಾನವನ್ನು ತಿಳಿಸುವ ಅಳತೆಗಳು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2012ರಿಂದ ಗಿಡಗಳ ಸಂಖ್ಯೆಯನ್ನೂ ಆರೋಪಿಯ ಪಾತ್ರವನ್ನೂ ಬೇರೆಬೇರೆಯಾಗಿ ಅಳೆಯುವ ಮಾರ್ಗಸೂಚಿಗಳಿವೆ. ಅಲ್ಲಿ ಪಾತ್ರಗಳು ನಾಯಕ, ಮಹತ್ವದ, ಕಿರಿಯ ಎಂದು ಮೂರು ಬಗೆ. ನಮ್ಮಲ್ಲಿಯೂ ಶಿಕ್ಷೆಗೆ ಮಾರ್ಗಸೂಚಿ ರೂಪಿಸುವ ಶಾಸನಬದ್ಧ ಸಮಿತಿಯೊಂದು ಬೇಕೆಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿ 2003ರಲ್ಲಿ ಸಲಹೆಯಿತ್ತಿತು.

ಆಳುಗಳಿಲ್ಲದೆ ಬೆಳೆಯಿಲ್ಲ, ಅವರಿಗೆ ಕನಿಕರ ತೋರಿದರೆ ಒಡೆಯರಿಗೆ ಆಳುಗಳ ಕೊರತೆಯೇ ಆಗದೆಂದು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ನಾನು ಕೇಳುವುದು ಕ್ಷಮೆಯನ್ನಲ್ಲ, ಅಳತೆಯನ್ನು. ಇಬ್ಬರಿಗೂ ಒಂದೇ ಸಜೆಯಾದರೆ ಆಳಿನ ಯೌವನ ಸೆರೆಯಲ್ಲಿ ಸವೆಯುವುದು. ಒಡೆಯ ಮತ್ತೊಬ್ಬ ಆಳನ್ನು ಹುಡುಕಿಕೊಳ್ಳುವನು. ನಾಳೆ ವಕೀಲರೂ ನ್ಯಾಯಾಧೀಶರೂ ಆಗಲಿರುವ ವಿದ್ಯಾರ್ಥಿಗಳು ಇದನ್ನು ಮರೆಯದಿರಲಿ: ತಕ್ಕಡಿ ಗಿಡವನ್ನು ತೂಗಬಲ್ಲುದು, ಮನುಷ್ಯನ ಪಾಲನ್ನು ವಿವೇಕವೇ ತೂಗಬೇಕು.