ಪರದೆ ಮೇಲಿನ ಅಲೆ ನೋಡಿ, ಆದರೆ ಕಿವಿ ಮುಚ್ಚಿಕೊಳ್ಳಬೇಡಿ

ತಾಲ್ಲೂಕು ಊರುಗಳಲ್ಲಿ ಬಾಡಿಗೆ ಕೋಣೆ ಹಿಡಿದು, ಲ್ಯಾಪ್‌ಟಾಪ್, ಕೀಬೋರ್ಡ್, ಮೈಕ್ ಇಟ್ಟುಕೊಂಡು ಜಾನಪದ ಹಾಡು ಮಾಡುವ ಹುಡುಗರು ಈಗ ಬೇಕಾದಷ್ಟಿದ್ದಾರೆ. ಅವರ ಸಿಂಥಸೈಜರ್ ಸಾಫ್ಟ್‌ವೇರ್ ತೆರೆದರೆ ಒಂದು ಕಡೆ ಅಲೆ ಕುಣಿಯುತ್ತದೆ, ಇನ್ನೊಂದು ಕಡೆ ಗೆರೆಗಳು ಏರಿಳಿಯುತ್ತವೆ. ಕೆಲವರಿಗೆ ಅದು ಬರೀ ಅಲಂಕಾರ. ಇನ್ನು ಕೆಲವರು ಅದನ್ನು ನೋಡಿಯೇ ಸೌಂಡ್ ಚೆನ್ನಾಗಿದೆ ಎಂದು ತೀರ್ಮಾನಿಸುತ್ತಾರೆ. ಎರಡೂ ಸರಿಯಲ್ಲ ಎನ್ನುವುದು ನಮ್ಮ ಮಾತು.

ಕುಣಿಯುವ ಅಲೆ ವೇವ್‌ಫಾರ್ಮ್. ಗಳಿಗೆ ಗಳಿಗೆಗೂ ದನಿ ಹೇಗೆ ಏರಿಳಿಯುತ್ತಿದೆ ಎಂದು ಅದು ತೋರಿಸುತ್ತದೆ. ಗೆರೆಗಳದ್ದು ಸ್ಪೆಕ್ಟ್ರಮ್. ಆ ದನಿಯೊಳಗೆ ಯಾವ ಯಾವ ಕಂಪನ ಎಷ್ಟೆಷ್ಟು ಸೇರಿದೆ ಎಂಬ ಲೆಕ್ಕ ಅದು. ಗರಗಸದ ಹಲ್ಲಿನಂಥ ಅಲೆ ಆರಿಸಿ 220 ಹರ್ಟ್ಜ್ ಸ್ವರ ಒತ್ತಿ: 220, 440, 660, 880 ಹೀಗೆ ಗೆರೆಗಳು ಸಾಲಾಗಿ ಏಳುತ್ತವೆ. ಚೌಕದ ಅಲೆ ಆರಿಸಿದರೆ 440, 880 ಮಾಯ. 220, 660, 1100 ಮಾತ್ರ ಉಳಿಯುತ್ತವೆ. ದನಿ ಟೊಳ್ಳು ಟೊಳ್ಳಾಗಿ ಕೇಳುವುದು ಅದಕ್ಕೇ. ಫಿಲ್ಟರ್ ತಿರುಗಿಸಿದರೆ ಬಲಗಡೆಯ ಗೆರೆಗಳು ಕುಸಿಯುವುದು ಕಣ್ಣೆದುರೇ ಕಾಣುತ್ತದೆ. ಗುರುವಿಲ್ಲದೆ ಕಲಿಯುತ್ತಿರುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ದನಿಯನ್ನು ಕಣ್ಣಿನಿಂದ ನೋಡುವ ಆಸೆ ಹೊಸದೇನಲ್ಲ. ಮೃದಂಗ, ತಬಲಾದ ಕಪ್ಪು ಕರಣೆಯಿಂದಲೇ ಅವುಗಳ ನಾದ ತಂತಿವಾದ್ಯದ ಹಾಗೆ ಸ್ವರಬದ್ಧವಾಗುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರ ಪ್ರಬಂಧದಲ್ಲಿ, ಚರ್ಮದ ಮೇಲೆ ಮರಳು ಉದುರಿಸಿ ಮೂಡಿದ ಚಿತ್ತಾರಗಳ ಫೋಟೋಗಳನ್ನೇ ಕೊಟ್ಟರು. ಆದರೆ ರಾಮನ್ ಮೊದಲು ಕೇಳಿದವರು, ಆಮೇಲೆ ನೋಡಿದವರು.

ನಮ್ಮ ತಕರಾರು ಇಲ್ಲಿದೆ. ಅವೇ ಗೆರೆಗಳು, ಅಷ್ಟೇ ಎತ್ತರ ಇಟ್ಟುಕೊಂಡು ಅವು ಶುರುವಾಗುವ ಗಳಿಗೆಯನ್ನಷ್ಟೇ ಹಿಂದೆಮುಂದೆ ಮಾಡಿದರೆ ಅಲೆಯ ಆಕಾರ ಗುರುತು ಸಿಗದಷ್ಟು ಬದಲಾಗುತ್ತದೆ. ಕಿವಿಗೆ ಮಾತ್ರ ಹೆಚ್ಚುಕಡಿಮೆ ಅದೇ ದನಿ. ಎತ್ತರದ ಗೆರೆ ಎಂದರೆ ಜೋರು ದನಿ ಎಂದೂ ಅಲ್ಲ. 60 ಹರ್ಟ್ಜ್‌ನಲ್ಲಿ ಇರುವ ಗೆರೆಗಿಂತ 3000ದಲ್ಲಿರುವ ಗಿಡ್ಡ ಗೆರೆ ಕಿವಿಗೆ ಚುಚ್ಚಬಹುದು. ಅಲೆ ಸುಂದರವಾಗಿದೆ ಎಂದು ಹಾಡಿಗೆ ಹಾಕಿದರೆ ಕೇಳುವವರ ಗತಿ?

ಕಿವಿಯೂ ಮೋಸ ಹೋಗುವ ಜಾಗ ಒಂದಿದೆ, ನಮ್ಮೂರುಗಳಲ್ಲಿ ಅದೇ ದೊಡ್ಡ ತೊಂದರೆ. ಫೋನಿನ ಸ್ಪೀಕರ್‌ನಲ್ಲಿ 50-60 ಹರ್ಟ್ಜ್ ಬೇಸ್ ಬರುವುದೇ ಇಲ್ಲ ಎನ್ನಬಹುದು. ಕೇಳಲಿಲ್ಲವೆಂದು ಹುಡುಗರು ಏರಿಸುತ್ತಾ ಹೋಗುತ್ತಾರೆ. ಅದೇ ಹಾಡು ಮೆರವಣಿಗೆಯ ಡಿಜೆ ಬಾಕ್ಸ್‌ಗೆ ಬಂದಾಗ ಕಿಟಕಿ ಅದುರುತ್ತದೆ, ತೊಟ್ಟಿಲ ಮಗು ಬೆಚ್ಚುತ್ತದೆ, ಹಾಡುಗಾರ್ತಿಯ ಮಾತು ಒಂದೂ ತಿಳಿಯುವುದಿಲ್ಲ. ಸ್ಪೆಕ್ಟ್ರಮ್‌ನ ಎಡ ತುದಿಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. 60 ಏರಿಸುವ ಬದಲು ಸ್ವಲ್ಪ ಡಿಸ್ಟಾರ್ಷನ್ ಕೊಟ್ಟು 120, 180, 240ರ ಗೆರೆಗಳನ್ನು ಎಬ್ಬಿಸಿ. ಇಲ್ಲದ 60ನ್ನು ಮಿದುಳೇ ತುಂಬಿಕೊಳ್ಳುತ್ತದೆ, ಫೋನಿನಲ್ಲೂ ಬೇಸ್ ಇದ್ದಂತೆ ಕೇಳುತ್ತದೆ.

ಇದಕ್ಕೆಲ್ಲ ದುಡ್ಡು ಬೇಕಿಲ್ಲ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಸಿ ಲ್ಯಾಪ್‌ಟಾಪ್‌ಗೆ ವೈರಸ್ ತಂದುಕೊಳ್ಳುವುದೂ ಬೇಡ. ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ, ವೈಟಲ್‌ಗೂ ಉಚಿತ ಆವೃತ್ತಿ ಇದೆ. ಎರಡರಲ್ಲೂ ಈ ಚಿತ್ರಗಳಿವೆ. ಲ್ಯಾಪ್‌ಟಾಪ್ ಇಲ್ಲದವರು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಭಜನೆ ಮುಗಿದ ಮೇಲೆ ಹಾರ್ಮೋನಿಯಂ ಪಕ್ಕ ಫೋನಿಟ್ಟು ಒಂದು ಸ್ವರ ಹಿಡಿಯಿರಿ, ಆಮೇಲೆ ಅದೇ ಸ್ವರ ಕೊಳಲಿನಲ್ಲಿ ಊದಿಸಿ. ಯಾವುದರಲ್ಲಿ ಗೆರೆ ಹೆಚ್ಚು ಎಂದು ಮೊದಲು ಕಣ್ಣು ಮುಚ್ಚಿ ಹೇಳಿ, ಆಮೇಲೆ ಪರದೆ ನೋಡಿ.