ಈ ತಿಂಗಳ ಪದ: ತಿದ್ದುಪಡಿ



ಮಕ್ಕಳೇ, ‘ತಿದ್ದು’ ನಿಮಗೆಲ್ಲ ಗೊತ್ತಿರುವ ಪದ. ಮೊದಲ ವರ್ಷ ಅ, ಆ ಅಕ್ಷರಗಳ ಮೇಲೆ ಪೆನ್ಸಿಲ್ ಆಡಿಸಿ ತಿದ್ದಿದ್ದೀರಿ. ಈಗ ನಿಮ್ಮ ಹೋಂವರ್ಕನ್ನು ನಾವು ಕೆಂಪು ಪೆನ್ನಿನಲ್ಲಿ ತಿದ್ದುತ್ತೇವೆ. ಸಂವಿಧಾನವನ್ನು ತಿದ್ದಿದರೆ ಅದು ‘ತಿದ್ದುಪಡಿ’.

ಹಿರಿಯ ತರಗತಿಯಲ್ಲಿ ಈ ಪದವನ್ನು ಬೋರ್ಡಿನ ಮೇಲೆ ಬರೆದಾಗ ಒಬ್ಬ ಹುಡುಗಿ ಕೈ ಎತ್ತಿದಳು. “ಮೇಡಂ, ಬೆಂಗಳೂರಲ್ಲಿರೋ ನಮ್ಮ ದೊಡ್ಡಮ್ಮನ ಮಗ ಗೇ. ಅವನನ್ನ ತಿದ್ದಬೇಕು ಅಂತ ಅಜ್ಜಿ ಫೋನಲ್ಲಿ ಅಳ್ತಿದ್ರು. ಅದೂ ಇದೇ ತಿದ್ದೋದಾ?”

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಅವಳ ಮನೆಯವರ ಮತ್ತು ಆ ಅಣ್ಣನ ಒಪ್ಪಿಗೆ ಪಡೆದು ಈಗ ಬರೆಯುತ್ತಿದ್ದೇನೆ.

ಮೊದಲು ನಮ್ಮ ರಾಜ್ಯದ ಕಥೆ. ತನ್ನಂತೆಯೇ ಗಂಡಾದವನನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಇವರನ್ನು ಕನ್ನಡದಲ್ಲಿ ಸಲಿಂಗಿಗಳು ಎನ್ನುತ್ತೇವೆ. ಅವರೂ ಮದುವೆಯಾಗಬಹುದು ಎಂದು 2008ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದೇ ನವೆಂಬರಿನಲ್ಲಿ ‘ಪ್ರೊಪೊಸಿಷನ್ 8’ ಮತಕ್ಕೆ ಬಂತು. ಶೇ 52ರಷ್ಟು ಮತ ಬಿದ್ದು, ಮದುವೆ ಗಂಡು ಹೆಣ್ಣಿನ ನಡುವೆ ಮಾತ್ರ ಎಂಬ ಸಾಲು ಸಂವಿಧಾನಕ್ಕೆ ಸೇರಿತು. ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಎರಡೂ ಕೌಂಟಿಗಳಲ್ಲಿ ಹೆಚ್ಚು ಮತ ಅದರ ಪರವಾಗಿಯೇ ಬಿದ್ದಿತ್ತು.

ಆ ತಿದ್ದುಪಡಿ ಫೆಡರಲ್ ಕೋರ್ಟಿನಲ್ಲಿ ಸೋತು, 2013ರ ಜೂನ್‌ನಲ್ಲಿ ಇಲ್ಲಿ ಮದುವೆಗಳು ಮತ್ತೆ ಶುರುವಾದವು. 2015ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಸಿಕ್ಕಿತು. ಆದರೂ ಹಳೆಯ ಸಾಲು ರಾಜ್ಯದ ಸಂವಿಧಾನದಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ಅಳಿಸಿದ್ದು 2024ರ ನವೆಂಬರಿನ ‘ಪ್ರೊಪೊಸಿಷನ್ 3’. ಶೇ 62ಕ್ಕೂ ಹೆಚ್ಚು ಮತ ಬಿದ್ದವು. ಈ ಸಲ ನಮ್ಮ ಎರಡೂ ಕೌಂಟಿಗಳು ಅಳಿಸುವ ಪರವಾಗಿದ್ದವು. 2015ರ ತೀರ್ಪನ್ನು ರದ್ದು ಮಾಡಿ ಎಂಬ ಮನವಿಯನ್ನು 2025ರ ನವೆಂಬರ್ 10ರಂದು ಅಮೆರಿಕದ ಸುಪ್ರೀಂ ಕೋರ್ಟ್ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ.

16 ವರ್ಷಗಳಲ್ಲಿ ಇಷ್ಟೊಂದು ಜನ ಮನಸ್ಸು ಬದಲಿಸಿದ್ದು ಹೇಗೆ? ಸ್ಯಾನ್ ಡಿಯಾಗೋದ ಒಬ್ಬ ತಂದೆಯನ್ನು ನೋಡಿ. ಜೆರ್ರಿ ಸ್ಯಾಂಡರ್ಸ್ ಅಲ್ಲಿನ ಮೇಯರ್ ಆಗಿದ್ದರು, ಅದಕ್ಕೂ ಮೊದಲು ಪೊಲೀಸ್ ಮುಖ್ಯಸ್ಥರು. ಸಲಿಂಗಿಗಳ ಮದುವೆಯನ್ನು ಬೆಂಬಲಿಸುವ ನಗರಸಭೆಯ ನಿರ್ಣಯವನ್ನು ತಡೆಯುವುದಾಗಿ ಹೇಳಿದ್ದರು. 2007ರ ಸೆಪ್ಟೆಂಬರ್ 19ರಂದು ಪತ್ರಕರ್ತರ ಮುಂದೆ ಬಂದು, ಕಣ್ಣೀರು ತಡೆಯಲಾಗದೆ, ಮನಸ್ಸು ಬದಲಿಸಿದ್ದೇನೆ, ಸಹಿ ಹಾಕುತ್ತೇನೆ ಎಂದರು. ಅವರ ಮಗಳೇ ಸಲಿಂಗಿ. ಅವಳ ಮುಖ ನೋಡಿ, ನಿನ್ನ ಪ್ರೀತಿ ನಮ್ಮದಕ್ಕಿಂತ ಕಡಿಮೆ ಎಂದು ಹೇಳಲು ಅವರಿಂದ ಆಗಲಿಲ್ಲ.

ಊರಿನ ಕಡೆಗೂ ನೋಡೋಣ. 2018ರ ಸೆಪ್ಟೆಂಬರ್ 6ರಂದು ಭಾರತದ ಸುಪ್ರೀಂ ಕೋರ್ಟ್ ಸಲಿಂಗಿಗಳ ಸಂಬಂಧ ಅಪರಾಧವಲ್ಲ ಎಂದಿತು. ಮದುವೆಯ ಹಕ್ಕು ಮಾತ್ರ 2023ರ ತೀರ್ಪಿನಲ್ಲೂ ಸಿಗಲಿಲ್ಲ. ಇನ್ನು ‘ತಿದ್ದುವ’ ಚಿಕಿತ್ಸೆ. 18 ವರ್ಷದೊಳಗಿನವರಿಗೆ ಪರವಾನಗಿ ಪಡೆದ ಚಿಕಿತ್ಸಕರು ಅದನ್ನು ಮಾಡಬಾರದೆಂದು ದೇಶದಲ್ಲೇ ಮೊದಲು ಕಾನೂನು ತಂದದ್ದು ಕ್ಯಾಲಿಫೋರ್ನಿಯಾ, 2012ರಲ್ಲಿ. ವೈದ್ಯರು ಹಾಗೆ ಮಾಡುವುದು ವೃತ್ತಿಗೆ ತಕ್ಕ ನಡತೆಯಲ್ಲ ಎಂದು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ಹೇಳಿತು. ಅದು ಕಾಯಿಲೆಯೇ ಅಲ್ಲದ ಮೇಲೆ ಚಿಕಿತ್ಸೆ ಯಾತಕ್ಕೆ?

ಹಾಗಾಗಿ ಪುಟ್ಟಿ, ನಿನ್ನ ಪ್ರಶ್ನೆಗೆ ನನ್ನ ಉತ್ತರ: ಅದು ಈ ತಿದ್ದುವುದಲ್ಲ. ತಪ್ಪಿದ್ದ ಕಡೆ ಮಾತ್ರ ತಿದ್ದುತ್ತೇವೆ. ನಿಮ್ಮಣ್ಣನಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ‘ತಿದ್ದಿಕೊಳ್ಳುವುದು’ ಎಂಬ ಮಾತೂ ಇದೆ. ಅದು ದೊಡ್ಡವರಾದ ನಮ್ಮ ಕೆಲಸ. ಅಜ್ಜಿಯ ಮೇಲೆ ಕೋಪ ಬೇಡ. ಮೊಮ್ಮಗನಿಗೆ ಮುಂದೆ ಯಾರು ಗತಿ ಎಂಬ ಭಯ ಅವರದು. ಒಂದು ರಾಜ್ಯಕ್ಕೇ 16 ವರ್ಷ ಹಿಡಿಯಿತು, ಅವರಿಗೂ ಸ್ವಲ್ಪ ಸಮಯ ಕೊಡು. ಅಣ್ಣನಿಗೆ ಫೋನ್ ಮಾಡಲು ಮಾತ್ರ ಕಾಯಬೇಡ.

ಪೋಷಕರೇ, ಈ ವಿಷಯವನ್ನು ಕನ್ನಡದಲ್ಲೇ ಓದಬೇಕೆನಿಸಿದರೆ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನವಿದೆ. ಅದು ದೊಡ್ಡವರ ಪುಸ್ತಕ.

ಮಕ್ಕಳಿಗೆ ಈ ತಿಂಗಳ ಮನೆಗೆಲಸ: ಅಪ್ಪ, ಅಮ್ಮ, ಅಜ್ಜಿ ಅಥವಾ ತಾತನನ್ನು ಕೇಳಿ, “ನೀವು ತಿದ್ದಿಕೊಂಡ ಒಂದು ಅಭಿಪ್ರಾಯ ಯಾವುದು?” ಉತ್ತರವನ್ನು ಕನ್ನಡದಲ್ಲಿ ಐದು ಸಾಲು ಬರೆದು ತನ್ನಿ. ಕಾಗುಣಿತದ ತಪ್ಪಿದ್ದರೆ ನಾನು ತಿದ್ದಿಕೊಡುತ್ತೇನೆ.