ಬೈಗುಳಕ್ಕೆ ತಲಪಾಡಿಯ ಗಡಿಯಿಲ್ಲ, ದೂರಿಗೂ ಇಲ್ಲ



2025ರ ಜುಲೈಯಲ್ಲಿ ನಟಿ, ಮಾಜಿ ಸಂಸದೆ ರಮ್ಯಾ ಅವರು ತಮಗೆ ಅಶ್ಲೀಲ ಸಂದೇಶ ಕಳುಹಿಸಿದ 43 ಜಾಲತಾಣ ಖಾತೆಗಳ ವಿರುದ್ಧ ಬೆಂಗಳೂರು ಪೊಲೀಸ್ ಕಮಿಷನರಿಗೆ ದೂರಿತ್ತರು. ಬಂಧನಗಳೂ ಆದವು. ಅವರದು ನಾಡಿಗೆ ಗೊತ್ತಿರುವ ಹೆಸರು. ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಒಬ್ಬ ವಾರ್ಡ್ ಸದಸ್ಯೆಗೆ ಹೀಗಾದರೆ ಏನು ಮಾಡಬೇಕು?

2010ರ ಚುನಾವಣೆಯಿಂದ ಕೇರಳದ ಪಂಚಾಯತುಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಳ್ಳಿಯಲ್ಲಿ ನೀರು ಬಾರದಿದ್ದರೂ ಊರವರು ಕರೆಯುವುದು ಸದಸ್ಯೆಯ ಫೋನಿಗೆ. “ನಂಬರ್ ಬದಲಿಸಿ ಸುಮ್ಮನಿರಿ” ಎಂಬ ಉಪದೇಶ ಅವರಿಗೆ ಸಲ್ಲದು. ಸುಮ್ಮನಾದರೆ ವಾರ್ಡಿನ ದನಿಯೇ ಅಡಗಿತು.

ಕೇರಳ ಸರಕಾರ 2020ರ ನವೆಂಬರಿನಲ್ಲಿ ಪೊಲೀಸ್ ಕಾಯ್ದೆಗೆ 118ಎ ಕಲಮು ಸೇರಿಸಿ ಸುಗ್ರೀವಾಜ್ಞೆ ತಂದಿತು. ಪತ್ರಿಕೆಗಳ ಬಾಯಿಯನ್ನೂ ಅದು ಮುಚ್ಚಿಸೀತೆಂಬ ಟೀಕೆ ಎದ್ದು, ಕೆಲವೇ ದಿನಗಳಲ್ಲಿ ಹಿಂತೆಗೆಯಿತು. ಹಾಗೆಂದು ಕಾನೂನಿಲ್ಲವೆಂದಲ್ಲ. ಸ್ತ್ರೀಯ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮು, ಅಶ್ಲೀಲ ಬರಹ, ಚಿತ್ರ ಹರಡಿದರೆ ಐಟಿ ಕಾಯ್ದೆಯ 67ನೇ ಕಲಮು ಇವೆ. ಎರಡರಲ್ಲೂ 3 ವರ್ಷದವರೆಗೆ ಸೆರೆವಾಸವುಂಟು.

ಗಡಿನಾಡಿನವರಾದ ನಮಗೆ ಮುಖ್ಯವಾದದ್ದು ಇನ್ನೊಂದಿದೆ. ಬೈದವನು ಮಂಗಳೂರಿನಲ್ಲಿ, ಬೈಸಿಕೊಂಡವರು ಮಂಜೇಶ್ವರದಲ್ಲಿ ಇದ್ದರೆ “ಇದು ನಮ್ಮ ಠಾಣೆಗೆ ಬರುವುದಿಲ್ಲ” ಎಂದು ತಿರುಗಿ ಕಳುಹಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಕೃತ್ಯ ಎಲ್ಲಿ ನಡೆದಿದ್ದರೂ ಇಂಥ ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅಂಚೆಯಲ್ಲಿ ಬರೆಯಿರಿ.

ಭಾಷೆಯದೂ ಒಂದು ತೊಡಕು. ಕನ್ನಡದ, ತುಳುವಿನ ಬೈಗುಳದ ವಿಷ ಆ ಭಾಷೆ ಬಾರದ ಅಧಿಕಾರಿಗೆ ತಿಳಿಯದು. ಆದ್ದರಿಂದ ಸ್ಕ್ರೀನ್‌ಶಾಟಿನಲ್ಲಿ ದಿನಾಂಕ, ಖಾತೆಯ ಹೆಸರು ಕಾಣುವಂತಿರಲಿ, ಲಿಂಕನ್ನೂ ತೆಗೆದಿಡಿ, ಏನನ್ನೂ ಅಳಿಸಬೇಡಿ. ಮಲಯಾಳದಲ್ಲಿ ಅರ್ಥ ಬರೆದು ದೂರಿಗೆ ಲಗತ್ತಿಸಲು ಸಂಘ ನೆರವಾಗುವುದು. ಸದಸ್ಯೆ ಯಾವ ಪಕ್ಷದವರೆಂದು ನಾವು ಕೇಳುವುದಿಲ್ಲ.

ಬೈದವನು ಕನ್ನಡಿಗನೆಂದು ಮುಚ್ಚಿಡುವುದು ಭಾಷಾಭಿಮಾನವಲ್ಲ. ನಮ್ಮ ವಾಟ್ಸಾಪ್ ಬಳಗಗಳಿಗೆ ಅಂಥ ಸಂದೇಶ ಬಂದರೆ ಮುಂದಕ್ಕೆ ಕಳುಹಿಸದಿರಿ, ನಗುವ ಚಿಹ್ನೆ ಒತ್ತದಿರಿ. ಹಾಕಿದವರಿಗೆ ಅಲ್ಲಿಯೇ, ಎಲ್ಲರೆದುರು, “ಇದು ಸರಿಯಲ್ಲ” ಎಂದು ಹೇಳಿ.

– ಕಾರ್ಯದರ್ಶಿ